ಮೂರನೆಯ ಸಾಲಿನಲ್ಲೂ ಕುಳಿತು ನೋಡಿ

ಮಾನ್ಯ ಸಂಪಾದಕರೇ,

ಮಕ್ಕಳ ಸಂಖ್ಯೆ ಹೆಚ್ಚಿ, ಹಿರಿಯರೂ ಜೊತೆಗಿರುವ ಕುಟುಂಬಗಳು ಏಳು ಆಸನಗಳ ಕಾರಿಗೆ ಮನಸ್ಸು ಮಾಡುವುದು ಸಹಜವೇ ಆದರೂ, ಖರೀದಿಗೆ ಮುನ್ನ ಮೂರನೆಯ ಸಾಲಿನಲ್ಲಿ ಕುಳಿತು ನೋಡುವವರು ಕಡಿಮೆ ಎಂಬುದು ನನ್ನ ಕಳವಳ. ಅನೇಕ ಮಾದರಿಗಳಲ್ಲಿ ಆ ಸಾಲಿನ ನೆಲ ಎತ್ತರವಾಗಿದ್ದು, ವಯಸ್ಕರು ಮೊಣಕಾಲು ಮೇಲೆತ್ತಿಯೇ ಕೂರಬೇಕಾಗುತ್ತದೆ. ಮಧ್ಯದ ಸಾಲು ಮುಂದಕ್ಕೆ ಸರಿಯದಿದ್ದರೆ ಈ ತೊಂದರೆ ಇನ್ನೂ ಹೆಚ್ಚು. ಎಲ್ಲ ಆಸನಗಳು ತುಂಬಿದಾಗ ಕೆಲವು ಕಾರುಗಳ ಡಿಕ್ಕಿಯಲ್ಲಿ ಒಂದೆರಡು ಚೀಲಗಳಿಗಷ್ಟೇ ಜಾಗ ಉಳಿಯುತ್ತದೆ.

ಜಾಗಕ್ಕಿಂತ ಮುಖ್ಯವಾದುದು ಸುರಕ್ಷತೆ. 1959ರಲ್ಲಿ ವೋಲ್ವೊ ಕಾರುಗಳಲ್ಲಿ ಬಳಕೆಗೆ ಬಂದ ಭುಜ, ಸೊಂಟ ಎರಡನ್ನೂ ಹಿಡಿದಿಡುವ ಮೂರು ಬಿಂದುಗಳ ಸೀಟ್‌ಬೆಲ್ಟ್ ಏಳೂ ಆಸನಗಳಿಗೆ ಇದೆಯೇ, ಅಪಘಾತವಾದಾಗ ಪಕ್ಕದ ಕಿಟಕಿಗಳ ಮೇಲಿಂದ ಪರದೆಯಂತೆ ಉಬ್ಬಿ ಇಳಿಯುವ ಕರ್ಟನ್ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೆ ಚಾಚುತ್ತದೆಯೇ, ಮಗುವಿನ ಸೀಟನ್ನು ಬಿಗಿಯುವ ಐಸೊಫಿಕ್ಸ್ ಕೊಂಡಿಗಳು ಎಷ್ಟಿವೆ, ಆ ಸೀಟನ್ನು ತೆಗೆಯದೆಯೇ ಹಿಂದಿನ ಸಾಲಿಗೆ ಹೋಗಬಹುದೇ ಎಂಬುದನ್ನು ಮಾರಾಟಗಾರರ ಮಾತಿಗೆ ಬಿಡದೆ ಸ್ವತಃ ಪರಿಶೀಲಿಸಬೇಕು. ತಲಾ 65 ಕಿಲೋದಂತೆ ಏಳು ಜನರ ತೂಕವೇ 455 ಕಿಲೋ ಆಗುವುದರಿಂದ, ತಯಾರಕರು ಸೂಚಿಸಿದ ಗರಿಷ್ಠ ಭಾರವನ್ನೂ, ತುಂಬಿದ ಕಾರಿನ ಟೈರುಗಳಿಗೆ ಬೇಕಾದ ಗಾಳಿಯ ಒತ್ತಡವನ್ನೂ ಕೈಪಿಡಿಯಲ್ಲಿ ಓದಿ ತಿಳಿಯುವುದು ಅಗತ್ಯ.

ಮನೆಮಂದಿಯೆಲ್ಲ ಕುಳಿತು ಕಾರನ್ನು ಓಡಿಸಿ ನೋಡಲು ಮಳಿಗೆಗಳು ಅವಕಾಶ ಕೊಡಬೇಕೆಂದೂ, ಮೂರೂ ಸಾಲುಗಳು ಬಳಕೆಯಲ್ಲಿದ್ದಾಗ ಉಳಿಯುವ ಡಿಕ್ಕಿಯ ಅಳತೆಯನ್ನು ತಯಾರಕರು ಜಾಹೀರಾತಿನಲ್ಲೇ ನಮೂದಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ