ಮೇಷ್ಟ್ರು ರಜಾ ಹಾಕಿದ ದಿನ

ಲೋ ಮಾರಾಯ,

ಮೊನ್ನೆ ಫೋನಲ್ಲಿ ಮಾತು ಅರ್ಧಕ್ಕೇ ಕಟ್ ಆಯ್ತಲ್ಲ, ಮೂಡಿಗೆರೆ ಮಳೇಲಿ ನೆಟ್‌ವರ್ಕ್ ಎಲ್ಲಿರುತ್ತೆ ಹೇಳು, ಅದಕ್ಕೇ ಬರೀತಿದ್ದೀನಿ. ಪಿಟಿ ಮೇಷ್ಟ್ರು ಹುಣಸೆ ಬರ್ಲು ಹಿಡಿದು ನಿಂತಿರ್ತಿದ್ದಕ್ಕೇ ನಾವು ಖೋ ಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿದ್ದು ಅಂದ್ಯಲ್ಲ, ಹೌದು, ಹೋದ್ವಿ. ಆದ್ರೆ ಅವರು ರಜಾ ಹಾಕಿದ ದಿನ ಏನ್ಮಾಡ್ತಿದ್ವಿ ನೆನಪಿದ್ಯಾ? ಒಬ್ಬನೂ ಗ್ರೌಂಡ್ ಕಡೆ ತಲೆ ಹಾಕ್ತಿರ್ಲಿಲ್ಲ, ಪೇರಲೆ ಮರ ಹತ್ತಿ ಕೂತಿರ್ತಿದ್ವಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ಆ ಹನ್ನೆರಡು ಜನದಲ್ಲಿ ಮತ್ತೆ ಆಡಿದವನು ಯಾರು?

ನನ್ನ ಮಗಳದ್ದೂ ಅದೇ ಖೋ ಖೋ, ಈಗ ಒಂಬತ್ತನೇ ಕ್ಲಾಸು. ಹೋದ ವರ್ಷ ಹೋಬಳಿ ಮ್ಯಾಚಲ್ಲಿ ಏನೋ ಫೌಲ್ ಮಾಡಿದ್ಲು ಅಂತ, ಆಗ ಇದ್ದ ಕೋಚು ಎಲ್ಲರೆದುರು "ನಿನ್ನಿಂದಲೇ ಸೋತಿದ್ದು" ಅಂದ್ಬಿಟ್ರಂತೆ. ಆಮೇಲೆ ಶುರುವಾಯ್ತು ನೋಡು ಹೊಟ್ಟೆನೋವು, ಅದೂ ಪಿಟಿ ಪೀರಿಯಡ್ ಇರೋ ದಿನಾನೇ! ನಾನು ಪೆದ್ದ, ಡಾಕ್ಟರ್‌ಗೆ ಬೇರೆ ದುಡ್ಡು ಕೊಟ್ಟೆ.

ಈ ವರ್ಷ ಬೇರೆ ಮೇಡಂ. ಅವರೇನು ಹೊಗಳಿ ಅಟ್ಟಕ್ಕೇರಿಸಲ್ಲ, ಲೇಟಾಗಿ ಬಂದ್ರೆ ಸರಿಯಾಗೇ ಬೈತಾರೆ. ಆದ್ರೆ ಯಾರಾದ್ರೂ ಎಡವಿದ್ರೆ "ಕಂಬದ ಹತ್ರ ಯಾಕೆ ಜಾರಿದೆ, ನಿಂಗೇನನ್ಸುತ್ತೆ?" ಅಂತ ಕೇಳ್ತಾರಂತೆ, ಇವ್ಳೇ ಯೋಚ್ನೆ ಮಾಡಿ ಹೆಜ್ಜೆ ಉದ್ದ ಆಯ್ತು ಮೇಡಂ ಅಂದ್ಲಂತೆ, ಸರಿ ನಾಳೆ ಚಿಕ್ಕದು ಮಾಡಿ ನೋಡು ಅಂದ್ರಂತೆ, ಅಷ್ಟೇ. ಓಡೋಕೆ ಇಳಿಯೋ ಮೂರು ಮೂರು ಜನರ ಬ್ಯಾಚೂ ಹುಡುಗೀರೇ ಮಾಡ್ಕೋತಾರೆ.

ಇದೆಲ್ಲಾ ಮುದ್ದು ಅಂತೀಯ, ಗೊತ್ತು. ಅಮೆರಿಕಾದಲ್ಲಿ ಬೇಸ್‌ಬಾಲ್ ಆಡೋ ಮಕ್ಕಳ ಮೇಲೆ ಒಂದು ಸ್ಟಡಿ ಆಗಿತ್ತು, 1992ರಲ್ಲಿ ಪ್ರಿಂಟಾಗಿದ್ದು, ನಮ್ಮೋಳಿಗಿಂತ ಚಿಕ್ಕ ಮಕ್ಕಳು ಬಿಡು. ಮಕ್ಕಳ ಜೊತೆ ಹೆಂಗೆ ಮಾತಾಡ್ಬೇಕು ಅಂತ ಕೆಲವು ಕೋಚ್‌ಗಳಿಗೆ ಟ್ರೈನಿಂಗ್ ಕೊಟ್ರು, ಉಳಿದವರನ್ನ ಹಂಗೇ ಬಿಟ್ರು. ಮುಂದಿನ ಸೀಸನ್‌ಗೆ ಟ್ರೈನಿಂಗ್ ಆದವರ ಕಡೆ ಆಟ ಬಿಟ್ಟೋರು 100ಕ್ಕೆ 5 ಜನ, ಇನ್ನೊಂದು ಕಡೆ 26. ಗೆದ್ದಿದ್ದು ಸೋತಿದ್ದು ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಂದ್ರೆ ಬರ್ಲು ಬಿಟ್ರೆ ಸೋತೋಗ್ತಾರೆ ಅನ್ನೋದು ನಮ್ ಭ್ರಮೆ ಕಣೋ.

ಶನಿವಾರ ಮೇಡಂ ಮೀಟಿಂಗ್‌ಗೆ ಅಂತ ಚಿಕ್ಕಮಗಳೂರಿಗೆ ಹೋಗಿದ್ರು. ಜಿಟಿಜಿಟಿ ಮಳೆ ಬೇರೆ, ಮಕ್ಕಳು ಕ್ಲಾಸಲ್ಲೇ ಇರ್ತಾರೆ ಅನ್ಕೊಂಡು ಕರ್ಕೊಂಡು ಬರೋಕೆ ಹೋದ್ರೆ ಏಳು ಹುಡುಗೀರು ಮಂಡಿವರೆಗೂ ಕೆಸರು ಮಾಡ್ಕೊಂಡು ಖೋ ಕೊಡ್ತಿದ್ದಾರೆ. ನಮ್ಮೋಳು ನನ್ನ ಮುಖಾನೂ ನೋಡ್ದೆ "ಅಪ್ಪಾ, ಇನ್ನೊಂದೇ ರೌಂಡು" ಅಂದ್ಲು. ಮೂರು ರೌಂಡಾಯ್ತು. ಸ್ಕೂಟರ್ ಸೀಟಿನ ಕೆಸರು ಇನ್ನೂ ಹೋಗಿಲ್ಲ, ಗೌರಿ ಹಬ್ಬಕ್ಕೆ ಬಂದಾಗ ಒರೆಸ್ಕೊಂಡು ಕೂತ್ಕೋ.

ನಿನ್ನ ಪೇರಲೆ ಮರದ ದೋಸ್ತ್