ಮೊದಲ ಹತ್ತು ನಿಮಿಷ ಶಾಲೆಯದೇ

ಮಾನ್ಯ ಸಂಪಾದಕರೇ,

ಮಕ್ಕಳ ಸುರಕ್ಷತೆಯ ಕುರಿತು ನಮ್ಮ ಶಾಲೆಗಳಿಗೆ ಬರುವ ಸುತ್ತೋಲೆಗಳಿಗೆ ಕೊರತೆಯೇನಿಲ್ಲ. ಗೋಡೆಯ ಮೇಲೆ ಕೆಂಪು ಅಗ್ನಿಶಾಮಕ ಸಿಲಿಂಡರ್ ತೂಗುತ್ತಿರುತ್ತದೆ, ಮುಖ್ಯಶಿಕ್ಷಕರ ಕೊಠಡಿಯ ಬೀರುವಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತದೆ, ಮಕ್ಕಳ ಸಹಾಯವಾಣಿ 1098 ಎಂದು ಬರೆದ ಫಲಕವೂ ಕಾಣುತ್ತದೆ. ಆದರೆ ಅವಘಡ ನಡೆದ ಆ ಗಳಿಗೆಯಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದವರು ಯಾರು, ಫೋನ್ ಮಾಡಬೇಕಾದವರು ಯಾರು, ಮಗುವಿನ ಜೊತೆ ಆಸ್ಪತ್ರೆಗೆ ಹೋಗಬೇಕಾದವರು ಯಾರು ಎಂಬುದು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ನಾನು ಕೆಲಸ ಮಾಡಿದ, ಭೇಟಿ ಕೊಟ್ಟ ಯಾವ ಶಾಲೆಯಲ್ಲೂ ಮೊದಲೇ ನಿಶ್ಚಯವಾಗಿರಲಿಲ್ಲ. 31 ವರ್ಷ ಪ್ರೌಢಶಾಲಾ ಶಿಕ್ಷಕನಾಗಿದ್ದು ನಿವೃತ್ತನಾದ ನಾನು ಈ ಮಾತನ್ನು ಇನ್ನೊಬ್ಬರತ್ತ ಬೆರಳು ತೋರಿಸುವುದಕ್ಕಾಗಿ ಬರೆಯುತ್ತಿಲ್ಲ. ತಡ ಮಾಡಿದವರಲ್ಲಿ ನಾನೂ ಒಬ್ಬ.

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದ ವರ್ಷಗಳ ಘಟನೆ ಇದು. ಆಗಸ್ಟ್ ತಿಂಗಳು, ಶಾಲೆಯ ಮೂರು ಕಡೆಯೂ ಮೆಕ್ಕೆಜೋಳ ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಮುಖ್ಯಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಭೆಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದರು. ಕಾಂಪೌಂಡಿನಾಚೆ ಬಿದ್ದ ಚೆಂಡು ತರಲು ಹೋದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕುಂಟುತ್ತಾ ಬಂದು, "ಸಾರ್, ಏನೋ ಕಡೀತು, ಕಾಲು ಉರೀತೈತೆ" ಎಂದಳು. ಪಾದದ ಮೇಲೆ ಹಲ್ಲಿನ ಗುರುತು ಕಾಣುತ್ತಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಮುಖ್ಯಶಿಕ್ಷಕರಿಗೆ ಫೋನ್ ಮಾಡಿದ್ದು. ಅವರು ಸಭೆಯಲ್ಲಿದ್ದರು, ಎತ್ತಲಿಲ್ಲ. ಆಮೇಲೆ ಹುಡುಗಿಯ ತಂದೆಗೆ ಮಾಡಿದೆ, ಅವರು ಹೊಲದಲ್ಲಿದ್ದರು. ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ. ಅಷ್ಟರಲ್ಲಿ ಯಾರೋ ಹುರಿ ತಂದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದ್ದರು, ಇನ್ನಾರೋ ಪಕ್ಕದೂರಿನಲ್ಲಿ ಔಷಧಿ ಕೊಡುವವರಿದ್ದಾರೆ ಎನ್ನುತ್ತಿದ್ದರು. ತಂದೆ ಬಂದ ಮೇಲೆ ಬೈಕಿನಲ್ಲಿ ಕೂರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಪ್ರತಿವಿಷದ ಚುಚ್ಚುಮದ್ದು ಅಲ್ಲಿ ಸಿಗಲಿಲ್ಲ, ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು, ಅಲ್ಲಿಂದ ಚಿತ್ರದುರ್ಗಕ್ಕೆ. ಕಚ್ಚಿದ್ದು ಕೊಳಕುಮಂಡಲ ಹಾವು ಎಂದು ವೈದ್ಯರು ಹೇಳಿದರು. ಹುಡುಗಿ ಉಳಿದಳು, ಆದರೆ ಪಾದದ ಗಾಯ ಮಾಯಲು ತಿಂಗಳುಗಳೇ ಬೇಕಾದವು. ಶಾಲೆಯ ಆವರಣದಲ್ಲೇ ನಾವು ಕಳೆದದ್ದು ಸುಮಾರು ಐವತ್ತು ನಿಮಿಷ. ಆ ಐವತ್ತು ನಿಮಿಷವೂ ನಾನು ಕೈಕಟ್ಟಿ ಕೂತಿರಲಿಲ್ಲ, ಓಡಾಡುತ್ತಲೇ ಇದ್ದೆ. ಮಾಡಬೇಕಾದ ಒಂದು ಕೆಲಸವನ್ನು ಮಾತ್ರ ಮಾಡಿರಲಿಲ್ಲ.

2019ರ ನವೆಂಬರ್‌ನಲ್ಲಿ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ, ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಐದನೆಯ ತರಗತಿಯ ಬಾಲಕಿ ತೀರಿಕೊಂಡಾಗ, ತಂದೆ ಬರುವವರೆಗೂ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲವೆಂದು ಸಹಪಾಠಿಗಳು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿನ ಶಿಕ್ಷಕರನ್ನು ಕಟುಕರೆಂದು ಬೈದವರು ಬಹಳ ಜನ. ನನಗೆ ಕಂಡದ್ದು ಬೇರೆ. ಮಗುವನ್ನು ಕರೆದುಕೊಂಡು ಹೋಗುವ ದಾರಿಯಲ್ಲಿ ಏನಾದರೂ ಆದರೆ ಅದು ತನ್ನ ತಲೆಗೆ ಬರುತ್ತದೆ, ಕರೆದೊಯ್ಯದೆ ಪೋಷಕರಿಗೆ ತಿಳಿಸಿ ಕಾದರೆ ಬರುವುದಿಲ್ಲ ಎಂಬ ಅಂಜಿಕೆ ನಮ್ಮ ಶಿಕ್ಷಕ ವರ್ಗದಲ್ಲಿ ಆಳವಾಗಿ ಬೇರೂರಿದೆ. ನೋಟಿಸಿನ ಭಯ, ಅಮಾನತಿನ ಭಯ, ಖಾಸಗಿ ಶಾಲೆಗಳಲ್ಲಾದರೆ ಆಡಳಿತ ಮಂಡಳಿಯ ಭಯ. ಈ ಅಂಜಿಕೆಯನ್ನು ತೆಗೆಯದೆ ಎಷ್ಟು ತರಬೇತಿ ಕೊಟ್ಟರೂ ಶಿಕ್ಷಕರ ಕೈ ಮೊದಲು ಹೋಗುವುದು ಮುಖ್ಯಶಿಕ್ಷಕರ ನಂಬರಿಗೇ.

ಆದ್ದರಿಂದ ಎರಡೂ ಜಿಲ್ಲೆಗಳ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ಮೊದಲ ವಿನಂತಿ ಇದು: ಜೀವಕ್ಕೆ ಅಪಾಯವಿದೆ ಎಂದು ಸ್ಥಳದಲ್ಲಿರುವ ಶಿಕ್ಷಕರಿಗೆ ಅನ್ನಿಸಿದರೆ, ಯಾರ ಅನುಮತಿಗೂ ಕಾಯದೆ ಮಗುವನ್ನು ಆಸ್ಪತ್ರೆಗೆ ಸಾಗಿಸಿ, ದಾರಿಯಲ್ಲಿ ಪೋಷಕರಿಗೂ ಮುಖ್ಯಶಿಕ್ಷಕರಿಗೂ ತಿಳಿಸಬೇಕು ಮತ್ತು ಹಾಗೆ ಮಾಡಿದವರ ಮೇಲೆ ಆ ಕಾರಣಕ್ಕಾಗಿ ಕ್ರಮ ಜರುಗಿಸುವುದಿಲ್ಲ ಎಂದು ಲಿಖಿತ ಆದೇಶ ಹೊರಡಿಸಬೇಕು. ಎರಡು ಸಾಲಿನ ಈ ಆದೇಶ ನನ್ನ ಕೈಯಲ್ಲಿದ್ದಿದ್ದರೆ ಅಂದು ಬೈಕು ಐದನೆಯ ನಿಮಿಷಕ್ಕೇ ಹೊರಡುತ್ತಿತ್ತು.

ಎರಡನೆಯದು ಪ್ರತಿ ಶಾಲೆಯೂ ತಾನೇ ಮಾಡಿಕೊಳ್ಳಬಹುದಾದದ್ದು. ಒಂದೇ ಒಂದು ಹಾಳೆ ಸಾಕು. ಮುಖ್ಯಶಿಕ್ಷಕರು ಇಲ್ಲದ ದಿನ ಯಾರ ಮಾತು ಅಂತಿಮ, 108ಕ್ಕೆ ಅಥವಾ 112ಕ್ಕೆ ಕರೆ ಮಾಡುವವರು ಯಾರು, ಆಂಬುಲೆನ್ಸ್ ತಡವಾದರೆ ಯಾರ ವಾಹನ, ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಹೆಸರು ಹಿಡಿದು ಬರೆದು ಸಿಬ್ಬಂದಿ ಕೊಠಡಿಯಲ್ಲೂ ಅಡುಗೆ ಕೋಣೆಯಲ್ಲೂ ಅಂಟಿಸಬೇಕು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳ ಒಳಹಳ್ಳಿಗಳಿಗೆ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹಾವಿನ ಪ್ರತಿವಿಷ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಅದೇ ಹಾಳೆಯಲ್ಲಿ ಬರೆದಿಡಬೇಕು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ, ಆರೋಗ್ಯ ಇಲಾಖೆಯವರಿಂದ ಈ ಮಾಹಿತಿ ಪಡೆಯುವುದು ಕಷ್ಟವಾಗಬಾರದು.

ಇನ್ನು ಪ್ರಥಮ ಚಿಕಿತ್ಸೆಯ ವಿಷಯ. ಔಷಧಿ ಪೆಟ್ಟಿಗೆಗಿಂತ ಹೆಚ್ಚಾಗಿ ನಮಗೆ ಬೇಕಾಗಿರುವುದು ತಪ್ಪು ರೂಢಿಗಳನ್ನು ಬಿಡುವ ಮನಸ್ಸು. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹುರಿ ಕಟ್ಟುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಯಿಂದ ಹೀರುವುದು ಕೇಡನ್ನೇ ಮಾಡುತ್ತವೆ. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದಂತೆ ಇರಿಸಿ, ಧೈರ್ಯ ಹೇಳುತ್ತಾ ಸಾಗಿಸುವುದಷ್ಟೇ ನಮ್ಮ ಕೆಲಸ. ಮೂರ್ಛೆ (ಫಿಟ್ಸ್) ಬಂದ ಮಗುವಿನ ಕೈಗೆ ಬೀಗದ ಕೈಗೊಂಚಲು ತುರುಕುವುದನ್ನು ನಾನು ಪ್ರಾರ್ಥನೆಯ ಸಾಲಿನಲ್ಲಿ ಎಷ್ಟೋ ಬಾರಿ ನೋಡಿದ್ದೇನೆ. ಕಬ್ಬಿಣದಿಂದ ಯಾವ ಮೂರ್ಛೆಯೂ ನಿಲ್ಲುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಅಥವಾ ಇಂಕು ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಬಿಸಿಯೂಟದ ಸಾಂಬಾರಿನ ಪಾತ್ರೆಗೆ ಬಿದ್ದು ಎರಡನೆಯ ತರಗತಿಯ ಮಗು ತೀರಿಕೊಂಡಿತು. ಅಂಥದ್ದೇ ಪಾತ್ರೆಗಳು ನಮ್ಮ ಎಲ್ಲ ಶಾಲೆಗಳಲ್ಲೂ ನೆಲದ ಮೇಲೆಯೇ ಇರುತ್ತವೆ, ಮಕ್ಕಳು ತಟ್ಟೆ ಹಿಡಿದು ಅದರ ಸುತ್ತಲೇ ನೂಕಾಡುತ್ತಾರೆ. ಹಾಗಾಗಿ ಅಡುಗೆಯವರನ್ನು ಬಿಟ್ಟು ಬರೀ ಶಿಕ್ಷಕರಿಗೆ ತರಬೇತಿ ಕೊಡುವುದರಲ್ಲಿ ಅರ್ಥವಿಲ್ಲ.

ನಗರದ ಶಾಲೆಗಳ ಸಂಗತಿ ಬೇರೆ. ವಿದ್ಯೆಗೆ ಹೆಸರಾದ ದಾವಣಗೆರೆಯಲ್ಲಿ ಮೂರು ನಾಲ್ಕು ಅಂತಸ್ತಿನ ಶಾಲಾ ಕಟ್ಟಡಗಳು ಈಗ ಸಾಮಾನ್ಯ. ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಗಳು ಹೆಚ್ಚಿದ ಮೇಲೆ ಹೊರಗಿನವರು ಒಳಬಾರದಂತೆ ಗೇಟುಗಳಿಗೆ ಬೀಗ ಬಿದ್ದಿದೆ, ಕಿಟಕಿಗಳಿಗೆ ಸರಳು, ಮೆಟ್ಟಿಲ ಬುಡಕ್ಕೆ ಜಾಲರಿ ಬಾಗಿಲು. ಈ ಎಚ್ಚರಿಕೆ ಬೇಕಾದದ್ದೇ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹೊರಗಿನವರು ಒಳಗೆ ಬರದಂತೆ ಹಾಕಿದ ಬೀಗವೇ ಬೆಂಕಿ ಬಿದ್ದ ದಿನ ಒಳಗಿನವರು ಹೊರಗೆ ಹೋಗದಂತೆ ತಡೆಯುತ್ತದೆ. ಗೇಟಿನ ಕೀಲಿ ಕಾವಲುಗಾರನೊಬ್ಬನ ಸೊಂಟದಲ್ಲಿದ್ದು, ಅವನು ಊಟಕ್ಕೆ ಹೋಗಿದ್ದರೆ? ಕೀಲಿಯ ಇನ್ನೊಂದು ಪ್ರತಿ ಪ್ರತಿ ಅಂತಸ್ತಿನಲ್ಲೂ ಒಬ್ಬ ಹೊಣೆಗಾರರ ಬಳಿ ಇರಬೇಕು, ಶಾಲಾ ವೇಳೆಯಲ್ಲಿ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಲೇಬಾರದು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆಮನೆಯಿಂದ ಹಬ್ಬಿದ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ಅಸುನೀಗಿದರು. ಆ ದುರಂತದ ಹಿನ್ನೆಲೆಯ ಅರ್ಜಿಯ ಮೇಲೆ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಸುರಕ್ಷಿತ ಶಾಲೆಯೂ ಮಗುವಿನ ಶಿಕ್ಷಣದ ಹಕ್ಕಿನ ಭಾಗವೇ ಎಂದು ಹೇಳಿತು. ಎಲ್ಲ ಶಾಲೆಗಳೂ ಅಗ್ನಿಶಾಮಕ ಸಾಧನ ಅಳವಡಿಸಬೇಕು, ಅದನ್ನು ಬಳಸಲು ಸಿಬ್ಬಂದಿಗೆ ತರಬೇತಿ ಕೊಡಬೇಕು, ಮಾನ್ಯತೆ ನೀಡುವ ಮೊದಲು ಕಟ್ಟಡದ ಸುರಕ್ಷತೆ ಖಚಿತಪಡಿಸಿಕೊಳ್ಳಬೇಕು ಎಂದೂ ಆದೇಶಿಸಿತು. ಸಾಧನ ಅಳವಡಿಸುವ ಭಾಗ ಬಹುಮಟ್ಟಿಗೆ ಪಾಲನೆಯಾಗಿದೆ. ಬಳಸಲು ಕಲಿಸುವ ಭಾಗ ಹಾಗೆಯೇ ಉಳಿದಿದೆ. ನಾನು ಒಂದು ಶಿಕ್ಷಕರ ಸಭೆಯಲ್ಲಿ, ಸಿಲಿಂಡರಿನ ಪಿನ್ ಎಳೆದು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿ ಹಿಡಿಯಬೇಕು ಎಂಬುದು ಎಷ್ಟು ಮಂದಿಗೆ ಗೊತ್ತು ಎಂದು ಕೇಳಿದಾಗ ಎದ್ದ ಕೈಗಳು ಎರಡು.

ಡಿಸೆಂಬರ್, ಜನವರಿ ತಿಂಗಳುಗಳ ವಾರ್ಷಿಕೋತ್ಸವಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ಬಹುಮಾನ ವಿತರಣೆಯ ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಮಹಿಳೆಯರು. ನಮ್ಮಲ್ಲೂ ಸಾವಿರಾರು ಜನರನ್ನು ಬಟ್ಟೆಯ ಶಾಮಿಯಾನದಡಿ ಕೂರಿಸಿ, ಸುತ್ತಲೂ ಪರದೆ ಕಟ್ಟಿ, ಒಂದೇ ಕಡೆ ದಾರಿ ಬಿಟ್ಟು, ಆ ದಾರಿಯಲ್ಲೇ ವಿದ್ಯುತ್ ವೈರುಗಳನ್ನು ಹಾಸಿರುತ್ತಾರೆ. ಅಗ್ನಿಶಾಮಕ ಠಾಣೆಯವರು ಒಮ್ಮೆ ಬಂದು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಕಾರ್ಯಕ್ರಮ ನಡೆಸುವುದು ಕಷ್ಟದ ಕೆಲಸವಲ್ಲ. ಪ್ರವಾಸಕ್ಕೂ ಇದೇ ಮಾತು ಸಲ್ಲುತ್ತದೆ: 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದ ಮೇಲೂ, ಮಕ್ಕಳನ್ನು ನೀರಿಗೆ ಇಳಿಸುವ ಮುನ್ನ ತಡೆಯುವ ಹೊಣೆ ಇಂಥವರದೇ ಎಂದು ಗೊತ್ತುಮಾಡದೆ ಬಸ್ಸು ಹತ್ತುವ ಶಾಲೆಗಳಿವೆ.

ಪೋಷಕರಾಗಿ ನಾವು ಕಲಿಯಬೇಕಾದದ್ದೂ ಇದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹಲವಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಬೆದರಿಕೆ ಹುಸಿಯಾಗಿತ್ತು, ಆದರೆ ತಾಯ್ತಂದೆಯರ ಗಾಬರಿ ಹುಸಿಯಾಗಿರಲಿಲ್ಲ. ಎಲ್ಲರೂ ಏಕಕಾಲಕ್ಕೆ ಗೇಟಿಗೆ ಧಾವಿಸಿದರೆ ಪೊಲೀಸರಿಗೂ ಆಂಬುಲೆನ್ಸಿಗೂ ದಾರಿ ಉಳಿಯುವುದಿಲ್ಲ. ಯಾವ ಮೈದಾನದಲ್ಲಿ ಮಕ್ಕಳನ್ನು ಸೇರಿಸುತ್ತಾರೆ, ಸುದ್ದಿ ಯಾವ ಒಂದು ಸಂಖ್ಯೆಯಿಂದ ಬರುತ್ತದೆ, ಮಗುವನ್ನು ಯಾರ ಸಹಿ ಪಡೆದು ಒಪ್ಪಿಸುತ್ತಾರೆ ಎಂಬುದನ್ನು ಪೋಷಕರ ಮೊದಲ ಸಭೆಯಲ್ಲೇ ತಿಳಿಸಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಸುದ್ದಿಯನ್ನು ನಂಬಿ ಓಡುವುದಕ್ಕಿಂತ ಶಾಲೆಯ ಒಂದು ಮಾತಿಗೆ ಕಾಯುವ ತಾಳ್ಮೆ ನಮಗೆ ಬರಬೇಕಾದರೆ, ಆ ಮಾತು ಬೇಗ ಬರುತ್ತದೆಂಬ ನಂಬಿಕೆಯನ್ನು ಶಾಲೆ ಗಳಿಸಿರಬೇಕು.

ಇಷ್ಟಕ್ಕೂ ಅಣಕು ಕಾರ್ಯಾಚರಣೆ ಬೇಕೇ ಬೇಕು, ಆದರೆ ಈಗ ನಡೆಯುವ ರೀತಿಯಲ್ಲಲ್ಲ. ಅತಿಥಿಗಳನ್ನು ಕರೆದು, ಫೋಟೊ ತೆಗೆಸಿಕೊಂಡು, ಮೈದಾನದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಆರಿಸಿ ತೋರಿಸುವುದರಿಂದ ಮಕ್ಕಳ ಕಾಲಿಗೆ ದಾರಿ ಅಭ್ಯಾಸವಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ, ಮುಂಚಿತವಾಗಿ ಸಾರದೆ, ಎರಡನೆಯ ಪೀರಿಯಡ್ಡಿನ ನಡುವೆ ಗಂಟೆ ಬಾರಿಸಬೇಕು. ಒಂದು ಸಲವಾದರೂ ಮುಖ್ಯಶಿಕ್ಷಕರು ಶಾಲೆಯಲ್ಲಿ ಇಲ್ಲದ ದಿನವೇ ಬಾರಿಸಬೇಕು. ತರಗತಿಯ ಶಿಕ್ಷಕರು ಹಾಜರಿ ಪುಸ್ತಕ ಹಿಡಿದೇ ಹೊರಬಂದು ಮೈದಾನದಲ್ಲಿ ಹೆಸರು ಕೂಗಿ ಎಣಿಸಬೇಕು, ಶೌಚಾಲಯದಲ್ಲಿ ಉಳಿದ ಮಗು ತಿಳಿಯುವುದು ಆ ಎಣಿಕೆಯಲ್ಲಿ ಮಾತ್ರ. ನಡೆಯಲಾಗದ ಮಗುವನ್ನು, ಕಿವಿ ಕೇಳದ ಮಗುವನ್ನು ಯಾರು ಕರೆತರುತ್ತಾರೆ ಎಂಬುದನ್ನೂ ಅದೇ ದಿನ ಪರೀಕ್ಷಿಸಿ ನೋಡಬೇಕು. ವಸತಿ ಶಾಲೆಗಳಲ್ಲಿ ಈ ಅಭ್ಯಾಸ ರಾತ್ರಿ ಹೊತ್ತಿನಲ್ಲೂ ನಡೆಯಬೇಕು, ಏಕೆಂದರೆ ಆಗ ಇರುವವರು ಒಬ್ಬಿಬ್ಬರು ಸಿಬ್ಬಂದಿ ಮಾತ್ರ.

ಇದಕ್ಕೆಲ್ಲ ದೊಡ್ಡ ಅನುದಾನ ಬೇಕಿಲ್ಲ. ಶಾಲೆಗಳು ಪುನರಾರಂಭವಾಗುವ ಮೊದಲ ವಾರದ ಸಿಬ್ಬಂದಿ ಸಭೆಯಲ್ಲಿ ಆ ಒಂದು ಹಾಳೆಯನ್ನು ಬರೆದು, ಎಸ್‌ಡಿಎಂಸಿ ಸದಸ್ಯರ ಸಹಿ ಹಾಕಿಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಲಿ. ಖಾಸಗಿ ಶಾಲೆಗಳ ಮಾನ್ಯತೆ ನವೀಕರಣದ ಕಡತದಲ್ಲೂ ಆ ಹಾಳೆ ಇರಲಿ. ನಾನು ಮೇಲೆ ಕೇಳಿರುವ ಲಿಖಿತ ಆದೇಶದ ಬಗ್ಗೆ ಎರಡೂ ಜಿಲ್ಲೆಗಳ ಉಪನಿರ್ದೇಶಕರು ತಮ್ಮ ಉತ್ತರವನ್ನು ಇದೇ ಅಂಕಣದ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ದಾವಣಗೆರೆ