ಮೈಲುತುತ್ತು ಮತ್ತು ಮೀನಿನ ಮೂಗು

ಸಿಯಾಟಲ್
ಮೇ ಕೊನೆಯ ವಾರ

ತೀರ್ಥರೂಪ ಅಪ್ಪಯ್ಯನಿಗೆ, ಆಯಿಗೆ ನಮಸ್ಕಾರಗಳು.

ನಾನು ಆರಾಮ. "ಅಷ್ಟು ದೂರ ಹೋಗಿ ಮೀನಿಗೆ ಎಂತ ಮಾಡ್ತೆ?" ಎಂದು ಅಪ್ಪಯ್ಯ, ನೀನು ಫೋನಿನಲ್ಲಿ ಕೇಳಿದ್ದೆಯಲ್ಲ, ಲೈನ್ ಕಟ್ಟಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಮೀನು ಮುಟ್ಟದ ಮನೆಯ ಮಗಳು ಮೀನಿನ ಮೂಗು ನೋಡುತ್ತ ಕೂತಿದ್ದಾಳೆ ಎಂದು ನಗುವವರು ನಗಲಿ.

ಮೀನು ಉಸಿರಾಡುವುದು ಕಿವಿರಿನಿಂದ. ಮೂಗು ಇರುವುದು ವಾಸನೆಗೆ. ಇಲ್ಲಿನ ಕೊಹೊ ಸಾಲ್ಮನ್ ಎಂಬ ಮೀನು ಹಳ್ಳದಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗುತ್ತದೆ, ಮೊಟ್ಟೆಯಿಡಲು ನೀರಿನ ವಾಸನೆ ಹಿಡಿದು ಹುಟ್ಟಿದ ಹಳ್ಳಕ್ಕೇ ವಾಪಸು ಬರುತ್ತದೆ. ಇನ್ನೊಂದಿದೆ. ಒಂದು ಮೀನಿನ ಚರ್ಮ ಹರಿದರೆ ಅದರಿಂದ ಏನೋ ಒಂದು ನೀರಿಗೆ ಬಿಡುತ್ತದೆ, ಅದರ ವಾಸನೆ ಹತ್ತಿದ್ದೇ ಸುತ್ತಲಿನ ಮರಿಗಳು ಅಲುಗಾಡದೆ ನಿಂತುಬಿಡುತ್ತವೆ. 1938ರಲ್ಲೇ ಇದನ್ನು ಬರೆದಿಟ್ಟವನು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ. ಜೇನ್ನೊಣದ ಕುಣಿತದ ಅರ್ಥ ಬಿಡಿಸಿದವನೂ ಅವನೇ, ಜೇನುಪೆಟ್ಟಿಗೆ ಇಟ್ಟ ನಿನಗೆ ಹೇಳಲೇಬೇಕು.

ನೀರಿನಲ್ಲಿ ಕರಗಿದ ತಾಮ್ರ ಲೀಟರಿಗೆ ಕೆಲವೇ ಮೈಕ್ರೊಗ್ರಾಂ (ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು) ಇದ್ದರೂ ಕೆಲವು ಗಂಟೆಗಳಲ್ಲಿ ಆ ಮೂಗು ಮಂಕಾಗುತ್ತದೆ. ಮೀನು ಸಾಯುವುದಿಲ್ಲ. ಈಜುತ್ತದೆ, ನೋಡಲಿಕ್ಕೆ ಎಂತದೂ ಆಗಿಲ್ಲ. ಆದರೆ ಅಪಾಯದ ವಾಸನೆ ಹತ್ತದ ಮರಿ ಸುಮ್ಮನೆ ಈಜುತ್ತಲೇ ಇದ್ದು ದೊಡ್ಡ ಮೀನಿನ ಬಾಯಿಗೆ ಸಿಗುತ್ತದೆ. ಸತ್ತ ಮೀನು ತೇಲಿದರೆ ಊರೆಲ್ಲ ಓಡಿಬರುತ್ತದೆ; ಹೀಗೆ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಆ ತಾಮ್ರದ ಒಂದು ಮೂಲ ಕಾರಿನ ಬ್ರೇಕ್ ಪ್ಯಾಡು. ವಾಷಿಂಗ್ಟನ್ ರಾಜ್ಯದವರು 2010ರಲ್ಲಿ ಕಾನೂನು ಮಾಡಿ ಅದನ್ನು ಇಳಿಸುತ್ತ ಬಂದಿದ್ದಾರೆ.

ನಮ್ಮ ಅಡಿಕೆ ತೋಟದಲ್ಲಿ ತಾಮ್ರ ಎಂದರೆ ಮೈಲುತುತ್ತು, ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮದ್ದಿನದು. ಮದ್ದು ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೀಯಲ್ಲ, ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತೀಯಲ್ಲ, ಕತ್ತಿಗೆ ಹತ್ತುವುದು ಸುಣ್ಣಕ್ಕೆ ಸಿಗದೆ ಬಿಡಿಯಾಗಿ ಉಳಿದ ತಾಮ್ರ. ಮೀನಿನ ಮೂಗಿಗೆ ತಾಗುವುದೂ ಅದೇ. ಅದನ್ನು ಅಳೆಯಲು ನಾನಿಲ್ಲಿ ದೊಡ್ಡ ಯಂತ್ರದ ಮುಂದೆ ಸರತಿ ಕಾಯಬೇಕು! ಕತ್ತಿಗೆ ಕಾಣದಷ್ಟು ಕಡಿಮೆಯಿದ್ದರೂ ಮೀನಿಗೆ ತಾಗುತ್ತದೆ, ವ್ಯತ್ಯಾಸ ಅಷ್ಟೇ.

ಮದ್ದು ಹೊಡೆಯಬೇಡ ಎನ್ನುತ್ತಿಲ್ಲ. ಆಷಾಢದ ಮಳೆ ಬಿಡದೆ ಹಿಡಿದರೆ ಕೊಳೆ ಏನು ಮಾಡುತ್ತದೆಂದು ನನಗೂ ಗೊತ್ತು. ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟವಿರುವಾಗ ಮಳೆ ತಾಗದಂತೆ ಎಲ್ಲ ಗೊನೆಗೂ ಕೊಟ್ಟೆ ಕಟ್ಟಿ ಎಂದರೆ ಅದು ಸಿಯಾಟಲಿನಲ್ಲಿ ಕೂತು ಆಡುವ ಮಾತು. ಆದರೆ ಲೆಕ್ಕ ನೋಡು: ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು ಹಾಕಿದರೆ ಒಂದು ಲೀಟರ್ ಮದ್ದಿನಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ. ಅಷ್ಟೂ ಕರಗಿತೆಂದರೆ 5 ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ 5 ಮೈಕ್ರೊಗ್ರಾಂ ಆಗುತ್ತದೆ. ಅಷ್ಟೂ ಕರಗುವುದಿಲ್ಲ, ನಿಜ. ಸುಣ್ಣ ಹಿಡಿಯುತ್ತದೆ, ಎಲೆ ಕೊಳೆತ ಕಂದು ನೀರೂ ಹಿಡಿಯುತ್ತದೆ, ಮಣ್ಣಿಗೆ ಅಂಟಿದ್ದು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಅಡಿಕೆ ಗೊನೆಗೆ ಹೊಡೆದ ಮದ್ದಿಗಿಂತ ಡ್ರಮ್ಮು ತೊಳೆದ ನೀರಿನ ಚಿಂತೆಯೇ ನನಗೆ ಹೆಚ್ಚು.

ಈ ಸಲ ಡ್ರಮ್ಮು, ಪಂಪು, ಪೈಪು ಹಳ್ಳದಲ್ಲಿ ತೊಳೆಯುವುದು ಬೇಡ. ಬೆಟ್ಟದ ಬದಿಗೆ, ಬಾವಿಯಿಂದ ದೂರ ಒಂದು ಗುಂಡಿ ತೆಗೆಸಿ ದರಕು (ಒಣ ಎಲೆ) ತುಂಬಿಸು, ತೊಳೆದ ನೀರು ಅಲ್ಲಿಗೆ ಹೋಗಲಿ. ಬಸಿಗಾಲುವೆಗೆ ಬೀಳದಿದ್ದರೆ ಸಾಕು. ನಮ್ಮ ಹಳ್ಳ ಅಘನಾಶಿನಿ ಸೇರುತ್ತದೆ, ಕೆಳಗೆ ಕುಮಟಾ ಕಡೆ ಅಳಿವೆಯಲ್ಲಿ ಬಳಚು (ಚಿಪ್ಪಿನ ಜೀವಿ) ತೆಗೆದು ಬದುಕುವವರಿದ್ದಾರೆ, 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಎಲ್ಲ ಹೌದು. ನಮ್ಮ ಡ್ರಮ್ಮಿನ ನೀರು ಅಲ್ಲಿಯವರೆಗೆ ಮುಟ್ಟುತ್ತದೆ ಎಂದು ಹೆದರಿಸಲಾರೆ. ನಾನು ಹೇಳುತ್ತಿರುವುದು ತೋಟದ ಕೆಳಗೆ ಹಳ್ಳದ ಗುಂಡಿಯಲ್ಲಿರುವ ಮೀನುಮರಿಗಳ ಮಾತು.

ಮೊದಲ ಮದ್ದು ಯಾವತ್ತು ಎಂದು ತಿಳಿಸು. ಹೊಡೆಯುವ ಮುಂಚೆ ಒಂದು, ಆಮೇಲಿನ ಮೊದಲ ಮಳೆಗೆ ಒಂದು ಬಾಟಲಿ ಹಳ್ಳದ ನೀರು ಹಿಡಿದಿಡಲು ತಮ್ಮನಿಗೆ ಹೇಳುತ್ತೇನೆ. ಹೊಸ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಆಯಿ ತಾಮ್ರದ ಚೊಂಬಿನಲ್ಲಿ ತುಂಬಿಕೊಡದಂತೆ ನೋಡಿಕೊ.

ನಿಮ್ಮ ಮಗಳು